ಪ್ಯಾರಿಸಿನ ಉಡುಗೆಯೂ ನೀರುಬಣ್ಣದ ಕುಂಚವೂ

ಚರಿತ್ರೆಯ ಪುಸ್ತಕಗಳಲ್ಲಿ ಅರಸರ ದಂಡಯಾತ್ರೆಗಳಿಗೂ ಸಂಧಿಪತ್ರಗಳಿಗೂ ದೊರೆಯುವ ಎಡೆ ಜನರು ಉಟ್ಟ ಬಟ್ಟೆಗೆ ದೊರೆಯುವುದು ಅಪೂರ್ವ. ಉಡುಗೆಯ ಮಾತೆಂದರೆ ಸಿರಿವಂತರ ಹುಚ್ಚು, ಹರೆಯದವರ ಚಾಪಲ್ಯ ಎಂದು ವಿದ್ವಾಂಸರು ಅದನ್ನು ಪಕ್ಕಕ್ಕೆ ಸರಿಸಿಬಿಡುವುದುಂಟು. ಆದರೆ ಒಂದು ನಗರದ ಸಾವಿರಾರು ಕುಟುಂಬಗಳ ಅನ್ನ ಸೂಜಿಯ ಮೊನೆಯ ಮೇಲೆ ನಿಂತಿರುವಾಗ, ಆ ನಗರವೂ ನಾಲ್ಕು ವರ್ಷ ಶತ್ರುಗಳ ಕೈಯಲ್ಲಿದ್ದಾಗ, ಬಟ್ಟೆಯ ಕಥೆ ನಾಡಿನ ಕಥೆಯೇ ಆಗುತ್ತದೆ. ಎರಡನೆಯ ಮಹಾಯುದ್ಧದ ಹಿಂದುಮುಂದಿನ ಪ್ಯಾರಿಸಿನಲ್ಲಿ ಅಲ್ಲಿಯ ಉಡುಗೆಗಳನ್ನು ನೀರುಬಣ್ಣದಲ್ಲಿ ಬರೆದು ಲೋಕಕ್ಕೆ ತೋರಿದ ಕೆಲವು ಚಿತ್ರಕಾರರ ವೃತ್ತಾಂತ ಅಂಥದು. ಅದನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನಮ್ಮ ಸೀರೆಗೆ ಕತ್ತರಿಯ ಹಂಗಿಲ್ಲ. ಮಗ್ಗದಿಂದ ಇಳಿದಾಗಲೇ ಅದು ಉಡಲು ಸಿದ್ಧ. ಅದಕ್ಕೆ ಆಕಾರ ಬರುವುದು ಉಡುವವಳ ಕೈಯಿಂದ, ನೆರಿಗೆಯಿಂದ, ಸೆರಗಿನಿಂದ. ಐರೋಪ್ಯರ ಉಡುಗೆ ಹಾಗಲ್ಲ. ಅದರ ಜೀವವೆಲ್ಲ ಕತ್ತರಿಯ ಗೆರೆಯಲ್ಲಿದೆ. ಒಬ್ಬೊಬ್ಬ ಗಿರಾಕಿಯ ಮೈಯಳತೆಗೆ ಬಹುಭಾಗ ಕೈಹೊಲಿಗೆಯಿಂದಲೇ ಉಡುಗೆಯನ್ನು ನಿರ್ಮಿಸಿಕೊಡುವ ಪ್ಯಾರಿಸಿನ ಉತ್ತಮೋತ್ತಮ ಕಸುಬಿಗೆ 'ಓತ್ ಕುತೂರ್' ಎಂದು ಹೆಸರು. ಹೆಸರಿನ ಅಕ್ಷರಾರ್ಥ 'ಉನ್ನತವಾದ ಹೊಲಿಗೆ' ಎಂದು. ೧೯೪೫ರಿಂದ ಈ ಹೆಸರಿಗೆ ಫ್ರಾನ್ಸಿನಲ್ಲಿ ಕಾನೂನಿನ ರಕ್ಷಣೆಯಿದೆ. ನಿಯಮಗಳಿಗೆ ಒಳಪಟ್ಟ ಉಡುಗೆಮನೆಗಳಲ್ಲದೆ ಬೇರೆಯವರು ಅದನ್ನು ಬಳಸುವಂತಿಲ್ಲ.

ಇಂಥ ಉಡುಗೆ ಹುಟ್ಟುವುದೇ ಒಂದು ಚಿತ್ರದಿಂದ. ವಿನ್ಯಾಸಕಾರನು ಕಾಗದದ ಮೇಲೆ ನಾಲ್ಕಾರು ಗೆರೆ ಎಳೆದು ಕಾರ್ಯಾಗಾರದ ಹಿರಿಯಳ ಕೈಗೆ ಕೊಡುತ್ತಾನೆ. ಆಕೆ ಆ ಗೆರೆಗಳ ಇಂಗಿತವನ್ನು ಓದಿಕೊಂಡು ಬಿಳಿಯ ಹತ್ತಿಬಟ್ಟೆಯಲ್ಲಿ ಒಂದು ಮಾದರಿಯನ್ನು ಕಟ್ಟುತ್ತಾಳೆ. ಅದನ್ನು ತಿದ್ದಿ ತೀಡಿ ಒಪ್ಪಿಕೊಂಡ ಮೇಲೆ ಬೆಲೆಯುಳ್ಳ ರೇಷ್ಮೆಗೋ ಉಣ್ಣೆಗೋ ಕತ್ತರಿ ತಾಗುತ್ತದೆ. ಉಡುಗೆ ಸಿದ್ಧವಾಗಿ ಪ್ರದರ್ಶನವಾದ ಬಳಿಕ ಅದನ್ನು ಮತ್ತೊಬ್ಬ ಚಿತ್ರಕಾರ ಪತ್ರಿಕೆಗಾಗಿ ಬರೆಯುತ್ತಾನೆ. ಹೀಗೆ ಚಿತ್ರದಿಂದ ಉಡುಗೆ, ಉಡುಗೆಯಿಂದ ಮರಳಿ ಚಿತ್ರ. ಮೊದಲನೆಯ ಚಿತ್ರ ಹೊಲಿಯುವವಳಿಗೆ. ಎರಡನೆಯದು, ಆ ಉಡುಗೆಯನ್ನು ಎಂದೂ ಕಣ್ಣಾರೆ ಕಾಣದ ಸಹಸ್ರಾರು ಓದುಗರಿಗೆ. ನಾವು ನೋಡಹೊರಟಿರುವುದು ಈ ಎರಡನೆಯದನ್ನು.

ಉಡುಗೆಯ ಚಿತ್ರಗಳನ್ನು ಅಚ್ಚುಹಾಕಿಸಿ ಹಂಚುವ ಪದ್ಧತಿ ಫ್ರಾನ್ಸಿನಲ್ಲಿ ಹಳೆಯದು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಲೋಹದ ಫಲಕಗಳಿಂದ ಅಚ್ಚಾದ ಚಿತ್ರಗಳಿಗೆ ಕೈಯಿಂದ ಬಣ್ಣ ತುಂಬುತ್ತಿದ್ದರು. ಅವು ಉಡುಗೆಯ ಪ್ರತಿಯೊಂದು ಗುಂಡಿಯನ್ನೂ ಪಟ್ಟಿಯನ್ನೂ ಎಣಿಸಿ ತೋರಿಸುತ್ತಿದ್ದುವು. ಆದರೆ ಅವುಗಳೊಳಗಿನ ಹೆಂಗಸರು ಬೊಂಬೆಗಳಂತೆ ನಿಂತಿರುತ್ತಿದ್ದರು. ೧೯೦೮ರಲ್ಲಿ ಪಾಲ್ ಪೊವಾರೆ ಎಂಬ ವಿನ್ಯಾಸಕಾರನು ತನ್ನ ಉಡುಗೆಗಳನ್ನು ಪಾಲ್ ಇರೀಬ್ ಎಂಬ ತರುಣ ಕಲಾವಿದನಿಂದ ಬರೆಯಿಸಿ ಒಂದು ಚಿತ್ರಸಂಪುಟವನ್ನು ಹೊರತಂದಾಗ ಹೊಸ ಹಾದಿ ತೆರೆಯಿತು. ೧೯೧೨ರಿಂದ ೧೯೨೫ರವರೆಗೆ ಪ್ರಕಟವಾದ 'ಗೆಜೆಟ್ ದ್ಯು ಬೊಂ ತೊಂ' ಎಂಬ ಪತ್ರಿಕೆಯು ಆ ಹಾದಿಯನ್ನು ಹೆದ್ದಾರಿಯಾಗಿಸಿತು. ಆಕೃತಿಗಳನ್ನು ಕೊರೆದ ತೆಳುವಾದ ತಗಡುಗಳನ್ನು ಕಾಗದದ ಮೇಲಿಟ್ಟು ಒಂದೊಂದು ಬಣ್ಣವನ್ನೂ ಕೈಯಿಂದಲೇ ಬಳಿಯುವ ಕ್ರಮದಲ್ಲಿ ಅದರ ಚಿತ್ರಪುಟಗಳು ಸಿದ್ಧವಾಗುತ್ತಿದ್ದುವು.

ಅಷ್ಟರಲ್ಲಿ ಛಾಯಾಚಿತ್ರವೂ ಬೆಳೆಯುತ್ತಿತ್ತು. ೧೯೩೨ರ ಜುಲೈ ತಿಂಗಳಲ್ಲಿ 'ವೋಗ್' ಪತ್ರಿಕೆಯ ಮುಖಪುಟದ ಮೇಲೆ ಮೊಟ್ಟಮೊದಲು ಬಣ್ಣದ ಛಾಯಾಚಿತ್ರವೊಂದು ಕಾಣಿಸಿಕೊಂಡಿತು. ಅದನ್ನು ತೆಗೆದವನು ಎಡ್ವರ್ಡ್ ಸ್ಟೈಕನ್. ಇನ್ನು ಕುಂಚದ ಕಾಲ ಮುಗಿಯಿತೆಂದು ಯಾರಾದರೂ ಹೇಳಬಹುದಿತ್ತು. ಆದರೆ ಅದಕ್ಕೆ ಇನ್ನೂ ಮೂವತ್ತು ವರ್ಷಗಳ ಆಯುಸ್ಸಿತ್ತು. ಅದರ ಅತ್ಯುತ್ತಮ ದಿನಗಳು ಮುಂದೆ ಇದ್ದುವು.

೧೯೪೦ರ ಜೂನ್ ತಿಂಗಳಲ್ಲಿ ಪ್ಯಾರಿಸ್ ಜರ್ಮನರ ವಶವಾಯಿತು. ಗೆದ್ದವರ ಕಣ್ಣು ಈ ಕಸುಬಿನ ಮೇಲೆಯೂ ಬಿದ್ದಿತು. ಓತ್ ಕುತೂರನ್ನು ಬರ್ಲಿನ್, ವಿಯೆನ್ನಾ ನಗರಗಳಿಗೆ ಸಾಗಿಸಬೇಕೆಂಬುದು ಅವರ ಯೋಜನೆ. ಉಡುಗೆಮನೆಗಳ ಸಂಘದ ಅಧ್ಯಕ್ಷನಾಗಿದ್ದ ಲೂಸಿಯೆನ್ ಲೆಲಾಂಗ್ ಅದಕ್ಕೆ ಕೊಟ್ಟ ಉತ್ತರ ಮನನೀಯ. ಈ ಕಸುಬು ಹತ್ತಾರು ವಿನ್ಯಾಸಕಾರರ ತಲೆಯಲ್ಲಿ ಮಾತ್ರ ಇರುವುದಲ್ಲ. ಗುಂಡಿ ಮಾಡುವವರು, ಕಸೂತಿಯವರು, ಗರಿಯ ಹೂ ಕಟ್ಟುವವರು, ಜಾಲರಿ ನೇಯುವವರು ಮೊದಲಾದ ಅಸಂಖ್ಯ ಚಿಕ್ಕ ಕುಶಲಿಗಳಲ್ಲಿ ಹಬ್ಬಿರುವುದು. ಇದನ್ನು ಬೇರೆ ಮಣ್ಣಿನಲ್ಲಿ ನೆಡಲಾಗದು ಎಂಬುದು ಅವನ ವಾದದ ತಿರುಳು. ಯೋಜನೆ ಕೈಗೂಡಲಿಲ್ಲ. ಕಸುಬು ಪ್ಯಾರಿಸಿನಲ್ಲಿಯೇ ಉಳಿಯಿತು. ಆದರೆ ಬಟ್ಟೆಗೆ ಬರ, ಕಾಗದಕ್ಕೆ ಬರ, ಅಮೆರಿಕದ ಗಿರಾಕಿಗಳೊಡನೆ ಸಂಪರ್ಕವೇ ಇಲ್ಲ. ಜರ್ಮನರೊಡನೆ ವ್ಯಾಪಾರ ಮಾಡಿ ಬದುಕಿದ ಕಸುಬೆಂಬ ಆಕ್ಷೇಪವೂ ಆ ವರ್ಷಗಳ ಮೇಲೆ ಇದೆ. ಅದನ್ನು ಮುಚ್ಚಿಡುವುದು ಚರಿತ್ರೆಗೆ ನ್ಯಾಯವಲ್ಲ.

ಪ್ಯಾರಿಸ್ ೧೯೪೪ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಮರುವರ್ಷ ಮಾರ್ಚ್ ತಿಂಗಳಲ್ಲಿ ಲೂವ್ರ್ ಅರಮನೆಯ ಒಂದು ಪಾರ್ಶ್ವದಲ್ಲಿ ವಿಚಿತ್ರವಾದೊಂದು ಪ್ರದರ್ಶನ ನಡೆಯಿತು. ಪೂರ್ಣ ಗಾತ್ರದ ಉಡುಗೆ ಹೊಲಿಯಲು ಬಟ್ಟೆಯಿಲ್ಲ. ಆದ್ದರಿಂದ ತಂತಿಯಿಂದ ಮಾಡಿದ, ಸುಮಾರು ೭೦ ಸೆಂಟಿಮೀಟರ್ ಎತ್ತರದ ೨೦೦ಕ್ಕೂ ಮಿಕ್ಕ ಬೊಂಬೆಗಳಿಗೆ ಉಡುಗೆಮನೆಗಳವರು ಚಿಕ್ಕಚಿಕ್ಕ ಉಡುಪುಗಳನ್ನು ಹೊಲಿದು ತೊಡಿಸಿದರು. ಹೊಲಿಗೆ, ಗುಂಡಿ, ಕೈಚೀಲ, ಪಾದರಕ್ಷೆ ಯಾವುದರಲ್ಲಿಯೂ ಕೊರತೆಯಿರಲಿಲ್ಲ. ಅಳತೆ ಮಾತ್ರ ಕಿರಿದು. ಇದನ್ನು 'ತೆಯಾತ್ರ್ ದ ಲ ಮೋದ್', ಎಂದರೆ ಉಡುಗೆಯ ರಂಗಶಾಲೆ, ಎಂದು ಕರೆದರು. ಬೊಂಬೆಗಳ ರೂಪವನ್ನು ಬರೆದುಕೊಟ್ಟವಳು ಎಲಿಯಾನ್ ಬೊನಬೆಲ್ ಎಂಬ ಚಿತ್ರಕಾರಳು. ರಂಗಸಜ್ಜಿಕೆಗಳ ಕಲ್ಪನೆಯಲ್ಲಿ ಮುಂದಾಳು ಕ್ರಿಸ್ಟಿಯನ್ ಬೆರಾರ್. ಈತನೂ ಉಡುಗೆಯ ಚಿತ್ರಗಳನ್ನು ಬರೆಯುವವನೇ. ಪ್ಯಾರಿಸಿನಲ್ಲಿ ಸುಮಾರು ಒಂದು ಲಕ್ಷ ಜನ ಇದನ್ನು ನೋಡಿದರೆಂದು ಹೇಳುತ್ತಾರೆ. ಮುಂದೆ ಈ ಬೊಂಬೆಗಳು ಲಂಡನ್ನಿಗೂ ೧೯೪೬ರಲ್ಲಿ ಅಮೆರಿಕಕ್ಕೂ ಪಯಣಿಸಿದುವು. ಇಂದು ಅವು ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೇರಿಹಿಲ್ ವಸ್ತುಸಂಗ್ರಹಾಲಯದಲ್ಲಿವೆ. ಬಡತನದಲ್ಲಿಯೂ ಕೈಯ ಕುಶಲತೆ ಸತ್ತಿಲ್ಲವೆಂದು ಲೋಕಕ್ಕೆ ತಿಳಿಸುವುದು ಅವುಗಳ ಕೆಲಸವಾಗಿತ್ತು.

ಇನ್ನು ಕ್ರಿಸ್ಟಿಯನ್ ಡಿಯೋರನ ಮಾತಿಗೆ ಬರೋಣ. ೧೯೦೫ರಲ್ಲಿ ನಾರ್ಮಂಡಿಯ ಗ್ರಾನ್‌ವಿಲ್ ಊರಿನಲ್ಲಿ ಈತ ಹುಟ್ಟಿದ. ತಂದೆ ಗೊಬ್ಬರದ ಕಾರ್ಖಾನೆಯ ಸಾಹುಕಾರ. ೧೯೨೯ರ ಆರ್ಥಿಕ ಕುಸಿತದ ಬಳಿಕ ಮನೆತನ ಬೀದಿಗೆ ಬಂದಿತು. ಮಗ ನಡೆಸುತ್ತಿದ್ದ ಚಿತ್ರಶಾಲೆಯೂ ಮುಚ್ಚಿತು. ಮೇಲೆ ಕ್ಷಯರೋಗದ ಬಾಧೆ. ಮೂವತ್ತರ ವಯಸ್ಸಿನಲ್ಲಿ ಈತ ಹೊಟ್ಟೆಪಾಡಿಗಾಗಿ ಆರಿಸಿಕೊಂಡ ಕೆಲಸವೆಂದರೆ ಟೋಪಿ ಮತ್ತು ಉಡುಗೆಗಳ ಚಿತ್ರಗಳನ್ನು ಬರೆದು ಮನೆಮನೆಗೆ, ಎಂದರೆ ಉಡುಗೆಮನೆಗಳಿಗೆ, ಮಾರುವುದು. 'ಫಿಗಾರೊ' ಪತ್ರಿಕೆಗೂ ಚಿತ್ರ ಒದಗಿಸುತ್ತಿದ್ದ. ಅಲ್ಲಿ ಅವನಿಗೆ ಪರಿಚಯವಾದವನು ರೆನೆ ಗ್ರುವೋ.

ಗ್ರುವೋ ಹುಟ್ಟಿದ್ದು ೧೯೦೯ರಲ್ಲಿ, ಇಟಲಿಯ ರಿಮಿನಿಯಲ್ಲಿ. ತಂದೆ ಇಟಲಿಯ ಕುಲೀನ, ತಾಯಿ ಫ್ರೆಂಚರವಳು. ತಂದೆತಾಯಿಗಳು ಬೇರೆಯಾದಾಗ ಬಾಲಕ ತಾಯಿಯೊಡನೆ ಉಳಿದ. ಮುಂದೆ ತಾಯಿಯ ಮನೆತನದ ಹೆಸರನ್ನೇ ತನ್ನದಾಗಿ ಮಾಡಿಕೊಂಡ. ಮೀಸೆ ಮೂಡುವ ವಯಸ್ಸಿಗೇ ಚಿತ್ರ ಬರೆದು ಸಂಪಾದಿಸತೊಡಗಿದವನು. ಜಪಾನಿನ ಮರದಚ್ಚಿನ ಚಿತ್ರಗಳಿಂದಲೂ ತುಲೂಸ್ ಲೋತ್ರೆಕ್‌ನ ಭಿತ್ತಿಪತ್ರಗಳಿಂದಲೂ ಈತ ಕಲಿತದ್ದು ಬಹಳ. ದಪ್ಪನೆಯ ಕಪ್ಪು ಗೆರೆ, ಒಂದೇ ಒಂದು ಕೆಂಪು, ಸುತ್ತಲೂ ಖಾಲಿ ಕಾಗದ, ಮೂಲೆಯಲ್ಲಿ ನಕ್ಷತ್ರದ ಗುರುತುಳ್ಳ ಅಂಕಿತ: ಇಷ್ಟು ಕಂಡರೆ ಅದು ಗ್ರುವೋನದೆಂದು ಯಾರೂ ಹೇಳಬಹುದು.

ಯುದ್ಧಕಾಲದಲ್ಲಿ ಲೆಲಾಂಗನ ಮನೆಯಲ್ಲಿ ದುಡಿದ ಡಿಯೋರ್, ಹತ್ತಿಬಟ್ಟೆಯ ಉದ್ಯಮಿ ಮಾರ್ಸೆಲ್ ಬುಸಾಕನ ಬಂಡವಾಳದಿಂದ ಪ್ಯಾರಿಸಿನ ಮೊಂತೇನ್ ಬೀದಿಯ ೩೦ನೆಯ ಸಂಖ್ಯೆಯ ಮನೆಯಲ್ಲಿ ಸ್ವಂತ ಉಡುಗೆಮನೆ ತೆರೆದ. ೧೯೪೭ರ ಫೆಬ್ರವರಿ ೧೨ರಂದು ಅವನ ಮೊದಲ ಪ್ರದರ್ಶನ. ಸಣ್ಣ ನಡು, ಇಳಿಜಾರು ಭುಜ, ಹೂವಿನ ದಳಗಳಂತೆ ಅರಳಿ ಮೀನಖಂಡದವರೆಗೆ ಇಳಿಯುವ ಲಂಗ. ಯುದ್ಧಕಾಲದ ಚೌಕಭುಜದ, ಮೊಣಕಾಲುದ್ದದ ಉಡುಗೆಗೆ ಇದು ನೇರ ವಿರುದ್ಧ. ಅಮೆರಿಕದ ಪತ್ರಿಕಾ ಸಂಪಾದಕಿ ಕಾರ್ಮೆಲ್ ಸ್ನೋ ಆಡಿದ ಮಾತಿನಿಂದ ಇದಕ್ಕೆ 'ನ್ಯೂ ಲುಕ್', ಹೊಸ ನೋಟ, ಎಂಬ ಹೆಸರು ನಿಂತಿತು.

ಎಲ್ಲರೂ ಹೊಗಳಿದರೆಂದಲ್ಲ. ಲಂಗವೊಂದಕ್ಕೆ ಹತ್ತಾರು ಮೀಟರ್ ಬಟ್ಟೆ! ಇಂಗ್ಲೆಂಡಿನಲ್ಲಿ ಉಡುಪಿನ ಪಡಿತರ ಮುಗಿದದ್ದೇ ೧೯೪೯ರಲ್ಲಿ. ಪ್ಯಾರಿಸಿನ ಮೊಂಮಾರ್ತ್ರ್ ಬಡಾವಣೆಯ ಲೆಪಿಕ್ ಬೀದಿಯ ಸಂತೆಯಲ್ಲಿ ಈ ಉಡುಗೆ ತೊಟ್ಟ ರೂಪದರ್ಶಿನಿಯರನ್ನು ಛಾಯಾಚಿತ್ರಕ್ಕಾಗಿ ನಿಲ್ಲಿಸಿದಾಗ ಸಂತೆಯ ಹೆಂಗಸರು ಸಿಟ್ಟಿಗೆದ್ದು ಮೇಲೆ ಬಿದ್ದು ಬಟ್ಟೆ ಹರಿದರು. ಮಕ್ಕಳಿಗೆ ಹಾಲಿಲ್ಲದ ಕಾಲದಲ್ಲಿ ಇಂಥ ಐಷಾರಾಮವೇ ಎಂಬ ಅವರ ಕೋಪ ಅಸಹಜವೆಂದು ಯಾರು ಹೇಳಿಯಾರು? ಕ್ಯಾಮರಾದ ಮುಂದೆ ನಿಂತ ಉಡುಗೆ ಅದೇ ಬೀದಿಯಲ್ಲಿ, ಅದೇ ಹಸಿದವರ ನಡುವೆ ನಿಂತಿರುತ್ತದೆ. ಚಿತ್ರದಲ್ಲಿ ಬರೆದ ಉಡುಗೆಗೆ ಊರೂ ಇಲ್ಲ, ಬೀದಿಯೂ ಇಲ್ಲ. ಬಿಳಿಯ ಕಾಗದವಷ್ಟೆ ಅದರ ಲೋಕ. ಹಂಬಲವನ್ನು ಹುಟ್ಟಿಸಿಯೂ ಹೊಟ್ಟೆಕಿಚ್ಚನ್ನು ಕೆರಳಿಸದ ಈ ಗುಣ ಆ ವರ್ಷಗಳಲ್ಲಿ ಕುಂಚಕ್ಕಿದ್ದ ದೊಡ್ಡ ಬಲ.

ಇದಕ್ಕೆ ಒಳ್ಳೆಯ ನಿದರ್ಶನ ಅದೇ ೧೯೪೭ರಲ್ಲಿ ಗ್ರುವೋ ಬರೆದ ಒಂದು ಜಾಹೀರಾತು ಚಿತ್ರ. ಡಿಯೋರನ ಮೊದಲ ಸುಗಂಧದ್ರವ್ಯಕ್ಕೆ 'ಮಿಸ್ ಡಿಯೋರ್' ಎಂದು ಹೆಸರು. ಅದಕ್ಕಾಗಿ ಗ್ರುವೋ ಬರೆದದ್ದು ಒಂದು ಬಿಳಿಯ ಹಂಸ. ಕೊರಳಲ್ಲಿ ಮುತ್ತಿನ ಸರ, ಕಪ್ಪು ಪಟ್ಟಿಯ ಗಂಟು, ಅಷ್ಟೆ. ಉಡುಗೆಯೂ ಇಲ್ಲ, ಉಟ್ಟವಳೂ ಇಲ್ಲ. ಆದರೂ ನೋಡಿದವರ ಮನಸ್ಸಿನಲ್ಲಿ ಒಬ್ಬ ಹೆಣ್ಣು ನಡೆದುಬರುತ್ತಾಳೆ. ಓತ್ ಕುತೂರಿನ ಉಡುಗೆ ಕೊಳ್ಳಬಲ್ಲವರು ಬೆರಳೆಣಿಕೆಯವರು. ಸುಗಂಧದ ಸೀಸೆಯೊಂದನ್ನು ಕೊಳ್ಳಬಲ್ಲವರು ಅನೇಕರು. ಆ ಅನೇಕರಿಗೆ ಇಡೀ ಉಡುಗೆಮನೆಯ ಗರಿಮೆಯನ್ನು ತಲಪಿಸುವ ಹೊಣೆ ಈ ಹಂಸದ್ದಾಗಿತ್ತು.

ಹೆಸರಿನ ಹಿಂದಿನ ಕಥೆಯನ್ನು ತಿಳಿದರೆ ಆ ಹಂಸದ ಬಿಳುಪು ಬೇರೆಯಾಗಿ ಕಾಣುತ್ತದೆ. ಮಿಸ್ ಡಿಯೋರ್ ಎಂದರೆ ವಿನ್ಯಾಸಕಾರನ ತಂಗಿ ಕ್ಯಾಥರೀನ್. ಯುದ್ಧಕಾಲದಲ್ಲಿ ಆಕೆ ಜರ್ಮನರ ವಿರುದ್ಧ ಗುಪ್ತವಾಗಿ ದುಡಿಯುತ್ತಿದ್ದ ಪ್ರತಿರೋಧ ದಳಕ್ಕೆ ಸೇರಿದಳು, ೧೯೪೪ರ ಜುಲೈನಲ್ಲಿ ಸೆರೆಸಿಕ್ಕಳು, ಚಿತ್ರಹಿಂಸೆ ಅನುಭವಿಸಿದಳು, ರಾವೆನ್ಸ್‌ಬ್ರುಕ್ ಸೆರೆಶಿಬಿರಕ್ಕೆ ಸಾಗಿಸಲ್ಪಟ್ಟಳು. ೧೯೪೫ರಲ್ಲಿ ಬದುಕಿ ಮರಳಿದ ಆಕೆ ಮುಂದೆ ಪ್ಯಾರಿಸಿನ ಪೇಟೆಯಲ್ಲಿ ಹೂವಿನ ವ್ಯಾಪಾರ ಮಾಡಿಕೊಂಡು ಬಾಳಿದಳು, ತೀರಿಕೊಂಡದ್ದು ೨೦೦೮ರಲ್ಲಿ. ಅಣ್ಣನ ಉಡುಗೆಗಳಲ್ಲಿ ಅರಳಿದ ಹೂವು ಬರಿಯ ಶೋಕಿಯ ಹೂವೆಂದು ಹೇಳುವ ಮುನ್ನ ಈ ತಂಗಿಯನ್ನು ನೆನೆಯಬೇಕು.

ಈಗ ಕಸುಬಿನ ಮರ್ಮಕ್ಕೆ ಬರೋಣ. ಈ ಚಿತ್ರಕಾರರು ನೀರುಬಣ್ಣವನ್ನು, ಅದರೊಡನೆ ಮಸಿಯನ್ನೂ 'ಗುವಾಶ್' ಎಂಬ ಮಂದವಾದ ನೀರುಬಣ್ಣವನ್ನೂ, ಏಕೆ ಆರಿಸಿಕೊಂಡರು? ತೈಲವರ್ಣ ಒಣಗಲು ದಿನಗಳು ಬೇಕು, ಪತ್ರಿಕೆ ಕಾಯದು. ಹಗಲೆಲ್ಲ ಉಡುಗೆಗಳು ಗಿರಾಕಿಗಳ ಮುಂದಿರುತ್ತಿದ್ದುದರಿಂದ ಚಿತ್ರ ಬರೆಯುವುದು ಹೆಚ್ಚಾಗಿ ರಾತ್ರಿಯಲ್ಲಿ. ಬೆಳಗಾಗುವುದರೊಳಗೆ ಉಡುಗೆಯನ್ನು ಮರಳಿಸಬೇಕು. ಅವಸರಕ್ಕೆ ನೀರುಬಣ್ಣ ಒದಗುತ್ತದೆ. ಇದಕ್ಕಿಂತ ಮುಖ್ಯವಾದ ಕಾರಣ ಬಟ್ಟೆಯ ಸ್ವಭಾವದಲ್ಲಿಯೇ ಇದೆ. ನೀರುಬಣ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪು. ಸ್ಯಾಟಿನ್ ಬಟ್ಟೆಯ ಹೊಳಪು ಬೇಕೆ? ಅಷ್ಟು ಜಾಗದಲ್ಲಿ ಬಣ್ಣ ಹಚ್ಚದೆ ಬಿಡಬೇಕು. ಜಾಲರಿಯಂಥ ತೆಳುಬಟ್ಟೆಗೆ ಒಂದು ತಿಳಿಯಾದ ಲೇಪ, ಅದು ಒಣಗಿದ ಮೇಲೆ ಮತ್ತೊಂದು. ಪದರದ ಹಿಂದೆ ಪದರ ಕಾಣುತ್ತದೆ. ಮಕಮಲ್ಲಿಗೆ ಗಾಢವಾದ ಬಣ್ಣ, ಮೆತ್ತಗೆ ಹರಡಿದ ಅಂಚು. ಉಣ್ಣೆಗೆ ಒಣಗಿದ ಕುಂಚದ ಒರಟು ಎಳೆತ. ಒಮ್ಮೆ ಬಿದ್ದ ಬಣ್ಣವನ್ನು ತೊಡೆದುಹಾಕುವಂತಿಲ್ಲ. ಅದೃಷ್ಟವೆಂದು ತೋರುವ ಆ ಒಂದು ಎಳೆತದ ಹಿಂದೆ ಹರಿದೆಸೆದ ಕಾಗದಗಳ ರಾಶಿಯೇ ಇರುತ್ತಿತ್ತು.

ಅಮೆರಿಕದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಬಹುಕಾಲ ನೆಲೆಸಿದ್ದ ಕಾರ್ಲ್ ಎರಿಕ್ಸನ್, 'ಎರಿಕ್' ಎಂದೇ ಪ್ರಸಿದ್ಧನಾದವನು, ಕಣ್ಣೆದುರು ರೂಪದರ್ಶಿನಿ ಇಲ್ಲದೆ ಕುಂಚ ಹಿಡಿಯುತ್ತಿರಲಿಲ್ಲ. ಭುಜ ಬಾಗಿದ ಬಗೆ, ಕೈಗವಸು ತೆಗೆಯುವ ಗಳಿಗೆ, ಇಂಥವನ್ನು ಹಿಡಿಯುವುದರಲ್ಲಿ ಅವನು ನಿಪುಣ. ಬೆರಾರನು ಎಷ್ಟೋ ವೇಳೆ ಮುಖವನ್ನೇ ಬರೆಯದೆ ಬಿಡುತ್ತಿದ್ದ. ಆ ಖಾಲಿ ಜಾಗದಲ್ಲಿ ಓದುಗಳು ತನ್ನ ಮುಖವನ್ನೇ ಇಟ್ಟುಕೊಳ್ಳಬಹುದಾಗಿತ್ತು. ಗ್ರುವೋ ಇನ್ನೂ ಮುಂದೆ ಹೋದ. ೧೯೪೯ರ ಒಂದು ಚಿತ್ರದಲ್ಲಿ ಚಿರತೆಯ ಪಂಜದ ಮೇಲೆ ಮೆಲ್ಲನೆ ಇಟ್ಟ ಹೆಂಗಸಿನ ಕೈ ಮಾತ್ರ ಇದೆ. ಇಡೀ ಹೆಂಗಸನ್ನು ಊಹಿಸಿಕೊಳ್ಳುವ ಭಾರ ನಮ್ಮದು.

ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿದ್ದ ಆನಂದವರ್ಧನನು ಕಾವ್ಯದ ಆತ್ಮ ಧ್ವನಿ ಎಂದು ಸಾಧಿಸಿದುದು ಅಲಂಕಾರಶಾಸ್ತ್ರ ಓದಿದವರಿಗೆಲ್ಲ ತಿಳಿದ ವಿಷಯ. ಬಾಯಿಬಿಟ್ಟು ಹೇಳಿದ ಅರ್ಥಕ್ಕಿಂತ ಹೊಳೆಯಿಸಿದ ಅರ್ಥ ಹೆಚ್ಚು ರಮಣೀಯ. ಆ ಶಾಸ್ತ್ರವನ್ನು ಈ ಫ್ರೆಂಚ್ ಕಲಾವಿದರು ಕೇಳಿದವರಲ್ಲ. ಆದರೆ ಅವರ ಕುಂಚದ ನಡೆಗೆ ಅದಕ್ಕಿಂತ ತಕ್ಕ ಮಾತು ನನಗೆ ತೋಚದು. ಹಳೆಯ ಅಚ್ಚಿನ ಚಿತ್ರಗಳು ಉಡುಗೆಯ ವಾಚ್ಯಾರ್ಥವನ್ನು ತೋರಿಸಿದುವು. ಇವರು ಅದರ ಧ್ವನಿಯನ್ನು ತೋರಿಸಿದರು.

ಧ್ವನಿಗೆ ಇಲ್ಲಿ ವ್ಯಾವಹಾರಿಕವಾದ ಪ್ರಯೋಜನವೂ ಇದ್ದಿತು. ಚಿತ್ರ ಬರೆಯುವ ಕೈಯೇ ಕಳವು ಮಾಡುವ ಕೈಯೂ ಆಗಬಹುದಷ್ಟೆ. ಪ್ರದರ್ಶನಕ್ಕೆ ಗಿರಾಕಿಗಳ ವೇಷದಲ್ಲಿ ಬಂದು, ಉಡುಗೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಗೆ ಹೋಗಿ ಬರೆದು, ನಕಲು ಹೊಲಿಯುವವರಿಗೆ ಮಾರುವವರ ಒಂದು ವರ್ಗವೇ ಇದ್ದಿತು. ೧೯೨೦ರ ದಶಕದಲ್ಲಿ ಇಂಥ ಕೆಲಸ ಮಾಡಿದ್ದ ಅಮೆರಿಕದ ಎಲಿಜಬೆತ್ ಹಾಸ್ ಎಂಬಾಕೆ ೧೯೩೮ರ ತನ್ನ ಪುಸ್ತಕದಲ್ಲಿ ಅದನ್ನೆಲ್ಲ ನಿಸ್ಸಂಕೋಚವಾಗಿ ಬರೆದಿದ್ದಾಳೆ. ನಕಲಿನ ಕಾಟಕ್ಕೆ ಬೇಸತ್ತ ಮದ್ಲೆನ್ ವಿಯೊನೆ ಎಂಬ ವಿನ್ಯಾಸಕಾರಳು ತನ್ನ ಉಡುಗೆಗಳ ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದಳು! ಕೊನೆಗೆ ೧೯೫೨ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸರ್ಕಾರ ಉಡುಪು ಮತ್ತು ಅಲಂಕಾರಗಳ ನಕಲನ್ನು ತಡೆಯಲೆಂದೇ ಒಂದು ಕಾನೂನು ಮಾಡಿತು.

ಇಂಥ ಕಾವಲಿನ ನಡುವೆಯೂ ಪತ್ರಿಕೆಗಳಿಗೆ ಉಡುಗೆಯನ್ನು ತೋರಿಸಲೇಬೇಕು, ಪ್ರಚಾರವಿಲ್ಲದೆ ವ್ಯಾಪಾರವಿಲ್ಲ. ಕಳ್ಳಚಿತ್ರಕಾರನಿಗೆ ಬೇಕಾದುದು ಹೊಲಿಗೆಯ ಜಾಡು, ಮಡಿಕೆಯ ಲೆಕ್ಕ, ಬೆನ್ನ ಹಿಂದಿನ ಜೋಡಣೆ. ಗ್ರುವೋನ ಚಿತ್ರವನ್ನು ಮುಂದಿಟ್ಟುಕೊಂಡು ಬಟ್ಟೆಗೆ ಕತ್ತರಿ ಹಾಕಹೊರಟ ದರ್ಜಿಗೆ ಇವುಗಳಲ್ಲಿ ಯಾವುದೂ ಸಿಕ್ಕುವುದಿಲ್ಲ. ನಡುವಿನ ಕೃಶತೆ, ಲಂಗದ ತೂಗು, ನಡಿಗೆಯ ಗತ್ತು ಮಾತ್ರ ಅವನಿಗೆ ಕಾಣುತ್ತವೆ. ಹೀಗೆ ಒಳ್ಳೆಯ ಚಿತ್ರವು ಉಡುಗೆಯ ಕೀರ್ತಿಯನ್ನು ಸಾರಿತು, ಅದರ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಕಾರ್ಯಾಗಾರದಲ್ಲಿ ತಲೆಬಾಗಿ ಹೊಲಿಯುತ್ತಿದ್ದ ಹೆಂಗಸರ ಕೂಲಿಗೆ ಈ ಮೌನವೂ ಒಂದು ಕಾವಲು.

ಈ ವೈಭವ ಬಹಳ ಕಾಲ ನಿಲ್ಲಲಿಲ್ಲ. ಬೆರಾರ್ ೧೯೪೯ರಲ್ಲಿ ನಾಟಕವೊಂದರ ಅಭ್ಯಾಸ ನಡೆಯುತ್ತಿದ್ದ ರಂಗಮಂದಿರದಲ್ಲಿಯೇ ಕುಸಿದು ಸತ್ತ. ೧೯೫೭ರ ಅಕ್ಟೋಬರಿನಲ್ಲಿ ಡಿಯೋರ್ ಇಟಲಿಯಲ್ಲಿ ತೀರಿಕೊಂಡ, ಮರುವರ್ಷ ಎರಿಕ್, ೧೯೬೩ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಮತ್ತೊಬ್ಬ ಪ್ರಖ್ಯಾತ ಚಿತ್ರಕಾರ ರೆನೆ ಬುಷೆ. ಅಷ್ಟರಲ್ಲಿ ಕಾರ್ಖಾನೆಯ ಸಿದ್ಧ ಉಡುಪುಗಳು ಪೇಟೆ ತುಂಬುತ್ತಿದ್ದುವು. ಅಂಗಡಿಯಲ್ಲಿ ತೂಗುಹಾಕಿದ ಬಟ್ಟೆ ಹೇಗಿದೆಯೋ ಹಾಗೆಯೇ ಕಾಣಬೇಕೆನ್ನುವ ಗಿರಾಕಿಗೆ ಛಾಯಾಚಿತ್ರವೇ ನಂಬಿಕೆಯ ಸಾಕ್ಷಿ. ಪತ್ರಿಕೆಗಳಿಂದ ಕುಂಚ ಹಿಂದೆ ಸರಿಯಿತು. ಗ್ರುವೋ ಮಾತ್ರ ದೀರ್ಘಾಯುಷಿ; ಜಾಹೀರಾತು, ರಂಗಮಂದಿರಗಳ ಭಿತ್ತಿಪತ್ರ ಮೊದಲಾದವುಗಳಲ್ಲಿ ಕೈಯಾಡಿಸುತ್ತ ೨೦೦೪ರಲ್ಲಿ, ೯೫ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದ. ೨೦೧೦ರಲ್ಲಿ ಲಂಡನ್ನಿನ ಸಾಮರ್‌ಸೆಟ್ ಹೌಸಿನಲ್ಲಿ ಅವನ ಡಿಯೋರ್ ಚಿತ್ರಗಳ ಪ್ರದರ್ಶನ ಏರ್ಪಟ್ಟಿತು. ಡಿಯೋರನ ಉಡುಗೆಮನೆ ಈಚಿನ ವರ್ಷಗಳಲ್ಲಿಯೂ ಸ್ವೀಡನ್ನಿನ ಮಾಟ್ಸ್ ಗುಸ್ತಾಫ್‌ಸನ್ ಎಂಬ ಕಲಾವಿದನಿಂದ ತನ್ನ ಉಡುಗೆಗಳನ್ನು ನೀರುಬಣ್ಣದಲ್ಲಿ ಬರೆಯಿಸಿದೆ. ಬೇರು ಪೂರ್ತಿ ಒಣಗಿಲ್ಲ.

ಬಾನುಲಿಯಲ್ಲಿ ಆಟದ ವಿವರಣೆ ಕೇಳುವವರಿಗೆ ಈ ಕಲೆಯ ಸ್ವಾರಸ್ಯ ಬೇಗ ತಿಳಿದೀತು. ಚೆಂಡು ಕಾಣದು, ಮೈದಾನ ಕಾಣದು. ವಿವರಣಕಾರನ ನಾಲ್ಕು ಮಾತು, ಜನರ ಒಂದು ಉದ್ಗಾರ, ಉಳಿದುದನ್ನೆಲ್ಲ ಕೇಳುಗನ ಮನಸ್ಸು ಕಟ್ಟಿಕೊಳ್ಳುತ್ತದೆ. ನೀರುಬಣ್ಣದ ಉಡುಗೆಯೂ ಹಾಗೆಯೇ ಓದುಗರ ಮನಸ್ಸಿನಲ್ಲಿ ಹೊಲಿದು ಮುಗಿಯುತ್ತಿತ್ತು. ಅಂದು ಹೊಲಿದ ರೇಷ್ಮೆಯ ಉಡುಗೆಗಳಲ್ಲಿ ಬಹಳಷ್ಟು ಸವೆದುಹೋಗಿವೆ. ಉಳಿದ ಕೆಲವು ವಸ್ತುಸಂಗ್ರಹಾಲಯಗಳ ಮಂದ ಬೆಳಕಿನಲ್ಲಿ, ಯಾರೂ ತೊಡದೆ, ಗಾಜಿನ ಹಿಂದೆ ನಿಂತಿವೆ. ಅವುಗಳನ್ನು ತೊಟ್ಟವರು ಹೇಗೆ ತಿರುಗಿದರು, ಹೇಗೆ ಮೆಟ್ಟಿಲಿಳಿದರು ಎಂಬುದನ್ನು ತಿಳಿಯಬೇಕಾದರೆ ನಾವು ಇಂದಿಗೂ ಆ ಚಿತ್ರಕಾರರು ರಾತ್ರಿಯ ದೀಪದಲ್ಲಿ ಬರೆದ ಕಾಗದಗಳನ್ನೇ ಕೇಳಬೇಕಾಗಿದೆ.